ಚಿಮಣಿಯ ಗಂಧಕಕ್ಕೆ ವಿನಾಯಿತಿ: ಹೊಸ ಬಾಯ್ಲರ್ ಬಂದರೆ ಹೊಗೆ ಶುದ್ಧವಾಗುತ್ತದೆಯೇ?

ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈ 11ರಂದು ಒಂದು ಅಧಿಸೂಚನೆ ಹೊರಡಿಸಿತು. ಹೊಗೆಯಲ್ಲಿನ ಗಂಧಕ ತೆಗೆಯುವ ಯಂತ್ರ ಹಾಕಲೇಬೇಕು ಎಂಬ ನಿಯಮದಿಂದ ದೇಶದ ಕಲ್ಲಿದ್ದಲು ವಿದ್ಯುತ್ ಘಟಕಗಳಲ್ಲಿ ನೂರಕ್ಕೆ ಸುಮಾರು 78ರಷ್ಟು ಪಾರಾದವು. ಅದಕ್ಕೆ ಒಂದು ವರ್ಷ ಹಿಂದೆ, 2024ರ ಜುಲೈ ಬಜೆಟ್‌ನಲ್ಲಿ, ಇದೇ ಕೇಂದ್ರ ಸರ್ಕಾರ ಇನ್ನೊಂದು ಘೋಷಣೆ ಮಾಡಿತ್ತು. ಎನ್‌ಟಿಪಿಸಿ ಮತ್ತು ಬಿಎಚ್‌ಇಎಲ್ ಸೇರಿ ಅತ್ಯಾಧುನಿಕ ತಂತ್ರಜ್ಞಾನದ 800 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಕಟ್ಟುತ್ತವೆ ಎಂಬ ಘೋಷಣೆ ಅದು.

ಒಂದು ಕಡೆ ಉತ್ತಮ ತಂತ್ರಜ್ಞಾನ ಬರುತ್ತಿದೆ ಎನ್ನುತ್ತಾರೆ. ಇನ್ನೊಂದು ಕಡೆ ಹೊಗೆ ತೊಳೆಯುವ ಯಂತ್ರ ಬೇಡ ಎನ್ನುತ್ತಾರೆ. ಓದಿದವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ‘ಕಡಿಮೆ ಕಲ್ಲಿದ್ದಲಲ್ಲಿ ಹೆಚ್ಚು ವಿದ್ಯುತ್’ ಮತ್ತು ‘ಕಡಿಮೆ ಮಾಲಿನ್ಯ’ ಎಂಬ ಎರಡು ಬೇರೆ ವಿಷಯಗಳನ್ನು ನಾವು ‘ಶುದ್ಧ ಕಲ್ಲಿದ್ದಲು’ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಹೊಸ ಬಾಯ್ಲರ್ ಏನು ಮಾಡುತ್ತದೆ?

ಕಲ್ಲಿದ್ದಲು ಸುಟ್ಟು ನೀರು ಕಾಯಿಸಬೇಕು, ಹಬೆ ಟರ್ಬೈನ್ ತಿರುಗಿಸಬೇಕು. ಹಬೆ ಎಷ್ಟು ಬಿಸಿಯಾಗಿ, ಎಷ್ಟು ಒತ್ತಡದಲ್ಲಿ ಇರುತ್ತದೋ ಅಷ್ಟು ಹೆಚ್ಚು ಶಾಖ ವಿದ್ಯುತ್ತಾಗುತ್ತದೆ. 374 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 221 ಬಾರ್ ಒತ್ತಡ ದಾಟಿದರೆ ನೀರಿಗೂ ಹಬೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಕುದಿಯುವ ಹಂತವಿಲ್ಲದೆ ನೀರು ನೇರವಾಗಿ ಹಬೆಯಂತೆ ವರ್ತಿಸುತ್ತದೆ. ಈ ಗಡಿಯ ಕೆಳಗೆ ಕೆಲಸ ಮಾಡುವವು ಸಬ್‌ಕ್ರಿಟಿಕಲ್ ಘಟಕಗಳು, ಮೇಲೆ ಕೆಲಸ ಮಾಡುವವು ಸೂಪರ್‌ಕ್ರಿಟಿಕಲ್ ಘಟಕಗಳು.

ಎರಡೂ ಬಗೆಯವು ನಮ್ಮ ರಾಜ್ಯದಲ್ಲಿವೆ. ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ, ಅಂದರೆ ಆರ್‌ಟಿಪಿಎಸ್‌ನ, 210 ಮೆಗಾವಾಟ್ ಘಟಕಗಳು ಹಳೆಯ ಬಗೆಯವು. ಯರಮರಸ್‌ನ ಎರಡು ಮತ್ತು ವಿಜಯಪುರ ಜಿಲ್ಲೆಯ ಕೂಡಗಿಯ ಮೂರು 800 ಮೆಗಾವಾಟ್ ಘಟಕಗಳು ಸೂಪರ್‌ಕ್ರಿಟಿಕಲ್. ಬಳ್ಳಾರಿ ಸ್ಥಾವರದ 700 ಮೆಗಾವಾಟ್‌ನ ಮೂರನೇ ಘಟಕವೂ ಅದೇ ಬಗೆಯದು.

ಹಳೆಯ ಘಟಕಗಳು ಕಲ್ಲಿದ್ದಲಿನ ಶಾಖದಲ್ಲಿ ಶೇ 35ರ ಆಸುಪಾಸು ಮಾತ್ರ ವಿದ್ಯುತ್ ಮಾಡುತ್ತವೆ. ಸೂಪರ್‌ಕ್ರಿಟಿಕಲ್‌ನಲ್ಲಿ ಅದು ಶೇ 40ರ ಹತ್ತಿರ ಬರುತ್ತದೆ. ಮಧ್ಯಪ್ರದೇಶದ ಖರಗೋನ್‌ನಲ್ಲಿ ಎನ್‌ಟಿಪಿಸಿ 2019ರಲ್ಲಿ ಚಾಲೂ ಮಾಡಿದ ದೇಶದ ಮೊದಲ ಅಲ್ಟ್ರಾ ಸೂಪರ್‌ಕ್ರಿಟಿಕಲ್ ಸ್ಥಾವರ 600 ಡಿಗ್ರಿ ಹಬೆಯಲ್ಲಿ ಶೇ 41ನ್ನು ದಾಟುತ್ತದೆ. ಬಜೆಟ್‌ನಲ್ಲಿ ಹೇಳಿದ ಹೊಸ ತಂತ್ರಜ್ಞಾನ ಇನ್ನೂ ಮುಂದಿನದು. ಅಲ್ಲಿ ಹಬೆಯ ಬಿಸಿ 700 ಡಿಗ್ರಿ ಮೀರುತ್ತದೆ. ಮಾಮೂಲಿ ಉಕ್ಕು ಅದನ್ನು ತಾಳುವುದಿಲ್ಲ. ನಿಕ್ಕಲ್ ಬೆರೆತ ದುಬಾರಿ ಮಿಶ್ರಲೋಹದ ಕೊಳವೆಗಳು ಬೇಕು. ಅದಕ್ಕಾಗಿಯೇ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರವೂ ಈ ಕೆಲಸದಲ್ಲಿ ಸೇರಿಕೊಂಡಿತು.

ಶೇ 35ರಿಂದ 40ಕ್ಕೆ ಏರುವುದು ಸಣ್ಣ ಮಾತಲ್ಲ. ಅಷ್ಟೇ ವಿದ್ಯುತ್ತಿಗೆ ಎಂಟರಲ್ಲಿ ಒಂದು ಪಾಲು ಕಲ್ಲಿದ್ದಲು ಉಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಆದರೆ ಉಳಿದ ಏಳು ಪಾಲು ಕಲ್ಲಿದ್ದಲಿನಲ್ಲಿರುವ ಗಂಧಕ ಎಲ್ಲಿಗೂ ಹೋಗುವುದಿಲ್ಲ. ಬಾಯ್ಲರ್ ಎಷ್ಟೇ ಹೊಸದಾದರೂ ಅದು ಉರಿದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ.

ಒಂದು ಸರಳ ಲೆಕ್ಕ ಹಾಕೋಣ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಶೇ 0.5. ಅಂದರೆ ಟನ್ನಿಗೆ 5 ಕಿಲೋ. ಉರಿದಾಗ ಆಮ್ಲಜನಕ ಸೇರಿ ತೂಕ ಎರಡರಷ್ಟಾಗುವುದರಿಂದ ಹತ್ತಿರ ಹತ್ತಿರ 10 ಕಿಲೋ ಸಲ್ಫರ್ ಡೈಆಕ್ಸೈಡ್. 800 ಮೆಗಾವಾಟ್ ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 500 ಟನ್ ಕಲ್ಲಿದ್ದಲು ಬೇಕು. ಗಂಟೆಗೆ 5 ಟನ್, ದಿನಕ್ಕೆ 120 ಟನ್ ಅನಿಲ ಒಂದೇ ಘಟಕದಿಂದ. ಇದು ಸೂಪರ್‌ಕ್ರಿಟಿಕಲ್ ಘಟಕದ ಲೆಕ್ಕ ಎಂಬುದು ನೆನಪಿರಲಿ.

ಹಾಗಾದರೆ ಗಂಧಕ ತೆಗೆಯುವುದು ಹೇಗೆ?

ಚಿಮಣಿಗೆ ಹೋಗುವ ಮುನ್ನ ಹೊಗೆ ಇಎಸ್‌ಪಿ ಎಂಬ ಯಂತ್ರದ ಮೂಲಕ ಹಾದುಹೋಗುತ್ತದೆ. ಅದು ವಿದ್ಯುತ್ ಆವೇಶದಿಂದ ಹಾರುಬೂದಿಯನ್ನು ಹಿಡಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಶೇ 99ಕ್ಕೂ ಜಾಸ್ತಿ ಬೂದಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಚಿಮಣಿಯಿಂದ ಕಪ್ಪು ಹೊಗೆ ಕಾಣದಿದ್ದರೆ ಎಲ್ಲ ಸರಿಯಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಸಲ್ಫರ್ ಡೈಆಕ್ಸೈಡ್ ಬಣ್ಣವಿಲ್ಲದ ಅನಿಲ. ಇಎಸ್‌ಪಿ ಅದನ್ನು ಹಿಡಿಯುವುದಿಲ್ಲ.

ಅದಕ್ಕೆ ಬೇಕಾದದ್ದು ಎಫ್‌ಜಿಡಿ, ಅಂದರೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ. ದೊಡ್ಡ ಗೋಪುರದೊಳಗೆ ಹೊಗೆಯ ಮೇಲೆ ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಸಿಂಪಡಿಸುತ್ತಾರೆ. ಅನಿಲ ಸುಣ್ಣದ ಜತೆ ಸೇರಿ ಕೊನೆಗೆ ಜಿಪ್ಸಮ್ ಆಗುತ್ತದೆ. ಸಿಮೆಂಟ್ ಕಾರ್ಖಾನೆಗಳು ಅದನ್ನು ಬಳಸಬಹುದು. ಇದು ಹೊಸ ವಿದ್ಯೆಯೇನಲ್ಲ. ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ 1930ರ ದಶಕದಲ್ಲೇ ಹೊಗೆ ತೊಳೆಯುತ್ತಿದ್ದರು. ನಮ್ಮಲ್ಲೂ ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರದಲ್ಲಿ ಎಫ್‌ಜಿಡಿ ಇದೆ. ಅದು ಓಡುವುದು ಆಮದು ಕಲ್ಲಿದ್ದಲಿನ ಮೇಲೆ.

ಹತ್ತು ವರ್ಷದ ಮುಂದೂಡಿಕೆ

2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ವಿದ್ಯುತ್ ಸ್ಥಾವರಗಳ ಗಂಧಕ, ಸಾರಜನಕದ ಆಕ್ಸೈಡ್‌ಗಳು ಮತ್ತು ಪಾದರಸಕ್ಕೆ ಮಿತಿ ಹಾಕಿತು. 2016ರ ಕೊನೆಯೊಳಗೆ ಸ್ಥಾಪನೆಯಾದ 500 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಗಳಿಗೆ ಘನ ಮೀಟರ್ ಹೊಗೆಯಲ್ಲಿ 200 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್, ಚಿಕ್ಕವಕ್ಕೆ 600. ಆಮೇಲೆ ಬರುವ ಹೊಸ ಘಟಕಗಳಿಗೆ ಬರೀ 100. ಪಾಲಿಸಲು ಕೊಟ್ಟ ಸಮಯ ಎರಡು ವರ್ಷ.

ಗಡುವು 2017ರಿಂದ 2022ಕ್ಕೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಮೂರು ವರ್ಗ ಮಾಡಿದರು. ದೆಹಲಿ ರಾಜಧಾನಿ ಪ್ರದೇಶದಿಂದ ಅಥವಾ ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರದಿಂದ 10 ಕಿಲೋಮೀಟರ್ ಒಳಗಿದ್ದರೆ ‘ಎ’. ತೀವ್ರ ಮಾಲಿನ್ಯದ ಪ್ರದೇಶ ಅಥವಾ ಗಾಳಿಯ ಗುಣಮಟ್ಟ ತಲುಪದ ನಗರದಿಂದ 10 ಕಿಲೋಮೀಟರ್ ಒಳಗಿದ್ದರೆ ‘ಬಿ’. ಉಳಿದವೆಲ್ಲ ‘ಸಿ’. ಗಡುವು 2022ರಲ್ಲಿ ಮತ್ತೆ ಮುಂದೆ ಹೋಯಿತು, 2024ರ ಡಿಸೆಂಬರ್‌ನಲ್ಲಿ ಇನ್ನೂ ಮೂರು ವರ್ಷ ಹೋಯಿತು. ಅಷ್ಟರಲ್ಲಿ, ಎಫ್‌ಜಿಡಿ ಹಾಕಬೇಕೆಂದು ಗುರುತಿಸಿದ್ದ 537 ಘಟಕಗಳಲ್ಲಿ ಹತ್ತರಲ್ಲೊಂದು ಭಾಗವೂ ಅದನ್ನು ಹಾಕಿ ಮುಗಿಸಿರಲಿಲ್ಲ.

2025ರ ಅಧಿಸೂಚನೆ ಬಂದಾಗ ಆದದ್ದು ಇಷ್ಟು. ‘ಎ’ ವರ್ಗ 2027ರ ಡಿಸೆಂಬರ್ ಒಳಗೆ ಹಾಕಲೇಬೇಕು. ‘ಬಿ’ ವರ್ಗದ್ದನ್ನು ತಜ್ಞರ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸುತ್ತದೆ. ‘ಸಿ’ ವರ್ಗಕ್ಕೆ ಗಂಧಕದ ಮಿತಿಯೇ ಇಲ್ಲ, ಚಿಮಣಿಯ ಎತ್ತರ ನಿಯಮದಂತೆ ಇದ್ದರೆ ಸಾಕು.

ಸರ್ಕಾರದ ವಾದ

ಇದನ್ನು ಸುಮ್ನೆ ಕಂಪನಿಗಳಿಗೆ ಮಾಡಿದ ಉಪಕಾರ ಎಂದು ತಳ್ಳಿಹಾಕುವುದು ಸರಿಯಲ್ಲ. ವಾದದಲ್ಲಿ ತೂಕವಿರುವ ಅಂಶಗಳಿವೆ. ಪ್ರಧಾನ ವೈಜ್ಞಾನಿಕ ಸಲಹೆಗಾರ ಅಜಯ್ ಸೂದ್ ನೇತೃತ್ವದ ಸಮಿತಿ ವಿಷಯವನ್ನು ಪರಿಶೀಲಿಸಿತ್ತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಮತ್ತು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಅಧ್ಯಯನ ಮಾಡಿದ್ದವು.

ಮೊದಲನೆಯದು, ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಎರಡನೆಯದು, ಎಫ್‌ಜಿಡಿ ಇಲ್ಲದ ಸ್ಥಾವರಗಳ ಸುತ್ತಲೂ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ದಿನದ ಮಿತಿಯಾದ ಘನ ಮೀಟರ್‌ಗೆ 80 ಮೈಕ್ರೋಗ್ರಾಂಗಿಂತ ಕೆಳಗೇ ಇದೆ. ಮೂರನೆಯದು ಖರ್ಚು. ಮೆಗಾವಾಟ್‌ಗೆ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲೆ ಬೇಕು. ವಿನಾಯಿತಿಯಿಂದ ಯೂನಿಟ್‌ಗೆ 25ರಿಂದ 30 ಪೈಸೆ ಉಳಿಯುತ್ತದೆ ಎಂಬ ಅಂದಾಜು ಆಗ ವರದಿಯಾಯಿತು. ನಾಲ್ಕನೆಯದು, ಎಫ್‌ಜಿಡಿ ತಾನೇ ವಿದ್ಯುತ್ ಮತ್ತು ನೀರು ಬಳಸುತ್ತದೆ. ಸುಣ್ಣದಕಲ್ಲಿನಿಂದ ಇಂಗಾಲದ ಡೈಆಕ್ಸೈಡ್ ಕೂಡ ಬರುತ್ತದೆ. 2025ರಿಂದ 2030ರವರೆಗೆ 1.7 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ತಡೆಯಲು ಹೋಗಿ 6.9 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ ಎಂಬ ಲೆಕ್ಕವನ್ನು ವಿನಾಯಿತಿಯ ಪರ ಇರುವವರು ಮುಂದಿಟ್ಟರು. ಗಂಧಕದ ಕಣಗಳು ಬಿಸಿಲನ್ನು ಹಿಂದಕ್ಕೆ ಕಳಿಸಿ ಭೂಮಿಯನ್ನು ಸ್ವಲ್ಪ ತಂಪಾಗಿಡುತ್ತವೆ, ತೆಗೆದರೆ ಬಿಸಿ ಏರುತ್ತದೆ ಎಂಬ ಮಾತೂ ಇದೆ. ವಿಜ್ಞಾನದ ಮಟ್ಟಿಗೆ ಅದು ನಿಜವೇ.

ಆ ವಾದ ಎಲ್ಲಿ ಸಡಿಲ?

ಇಂಗಾಲದ ಲೆಕ್ಕದಿಂದ ಶುರು ಮಾಡೋಣ, ಏಕೆಂದರೆ ಜನರನ್ನು ಹೆಚ್ಚು ಒಪ್ಪಿಸಿದ ಅಂಕಿ ಅದೇ. 6.9 ಕೋಟಿ ಟನ್ ಕೇಳಲು ದೊಡ್ಡದು. ಆದರೆ ನಮ್ಮ ವಿದ್ಯುತ್ ಸ್ಥಾವರಗಳು ವರ್ಷಕ್ಕೆ 100 ಕೋಟಿ ಟನ್‌ಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಐದು ವರ್ಷಕ್ಕೆ ಹಂಚಿದರೆ ಹೆಚ್ಚುವರಿ ಹೊರೆ ಶೇ 1.4ನ್ನೂ ದಾಟುವುದಿಲ್ಲ. ಒಂದು ಹಳೆಯ ಘಟಕದ ಬದಲು ಸೂಪರ್‌ಕ್ರಿಟಿಕಲ್ ಘಟಕ ಓಡಿಸಿದರೆ ಉಳಿಯುವುದು ಶೇ 12ಕ್ಕೂ ಮೇಲೆ. ಇಂಗಾಲದ ಚಿಂತೆ ನಿಜವಾಗಿದ್ದರೆ ದಾರಿ ಅಲ್ಲಿದೆ.

‘ಕಡಿಮೆ ಗಂಧಕದ ಕಲ್ಲಿದ್ದಲು’ ಎಂಬುದೂ ಅರ್ಧ ಮಾತು. ನಮ್ಮ ಕಲ್ಲಿದ್ದಲಿನಲ್ಲಿ ಶಾಖವೂ ಕಡಿಮೆ. ಕಿಲೋಗೆ ಸಾಮಾನ್ಯವಾಗಿ 3,500ರಿಂದ 4,000 ಕಿಲೋ ಕ್ಯಾಲೊರಿ. ಒಳ್ಳೆಯ ಆಮದು ಕಲ್ಲಿದ್ದಲಿನಲ್ಲಿ 5,000 ದಾಟಿರುತ್ತದೆ. ಶಾಖ ಕಡಿಮೆ ಎಂದರೆ ಅಷ್ಟೇ ವಿದ್ಯುತ್ತಿಗೆ ಜಾಸ್ತಿ ಕಲ್ಲಿದ್ದಲು ಸುಡಬೇಕು. ಟನ್ನಿನ ಲೆಕ್ಕದಲ್ಲಿ ಕಡಿಮೆ ಕಾಣುವ ಗಂಧಕ ಯೂನಿಟ್ ವಿದ್ಯುತ್ತಿನ ಲೆಕ್ಕದಲ್ಲಿ ಅಷ್ಟೇನೂ ಕಡಿಮೆ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಯ ಅಳತೆ. ಸ್ಥಾವರದ ಪಕ್ಕದಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗಿದೆ ಎಂಬುದು ಸುಳ್ಳಲ್ಲ. ಆದರೆ ಚಿಮಣಿ ಬಿಟ್ಟ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಅದು ಗಂಧಕಾಮ್ಲವಾಗುತ್ತದೆ. ಹೊಲಕ್ಕೆ ಹಾಕಿದ ಯೂರಿಯಾ ಮತ್ತು ದನಗಳ ಗಂಜಲದಿಂದ ಮೇಲೆದ್ದ ಅಮೋನಿಯಾ ಜತೆ ಸೇರಿ ಅಮೋನಿಯಂ ಸಲ್ಫೇಟ್ ಎಂಬ ಘನ ಕಣವಾಗುತ್ತದೆ. ಇದೇ ಪಿಎಂ 2.5ರ ಒಂದು ದೊಡ್ಡ ಅಂಶ. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣ ಅದು. ಗಾಳಿ ಅದನ್ನು ನೂರಾರು ಕಿಲೋಮೀಟರ್ ಒಯ್ಯುತ್ತದೆ.

ಅಂದರೆ ಸ್ಥಾವರದ ಬಳಿ ನಿಂತು ಅನಿಲವನ್ನು ಅಳೆದರೆ ಹಾನಿ ಕಾಣುವುದೇ ಇಲ್ಲ. ಹಾನಿ ಬೇರೆ ಊರಲ್ಲಿ, ಬೇರೆ ರೂಪದಲ್ಲಿ, ಬೇರೆ ಮೀಟರಿನಲ್ಲಿ ದಾಖಲಾಗುತ್ತದೆ. ವಿನಾಯಿತಿಯನ್ನು ವಿರೋಧಿಸುವ ಸಂಶೋಧಕರ ಮುಖ್ಯ ಮಾತು ಇದು. ಅದಕ್ಕೆ ನೇರ ಉತ್ತರ ಅಧಿಸೂಚನೆಯಲ್ಲಿ ಇಲ್ಲ. ನಗರದಿಂದ 10 ಕಿಲೋಮೀಟರ್ ಎಂಬ ಗೆರೆ ಅನಿಲಕ್ಕೆ ಸ್ವಲ್ಪ ಅರ್ಥ ಕೊಡಬಹುದು. ಕಣಕ್ಕೆ ಆ ಗೆರೆಯೇ ಇಲ್ಲ.

ಎತ್ತರದ ಚಿಮಣಿ ಪರಿಹಾರವೇ?

ದೊಡ್ಡ ಸ್ಥಾವರಗಳ ಚಿಮಣಿ 275 ಮೀಟರ್ ಎತ್ತರ. ಹೊಗೆ ಮೇಲೆ ಹೋಗಿ ಹರಡಿದರೆ ನೆಲದ ಹತ್ತಿರ ಅನಿಲ ತೆಳುವಾಗುತ್ತದೆ. ಪಕ್ಕದ ಹಳ್ಳಿಗೆ ಇದರಿಂದ ನಿಜಕ್ಕೂ ಅನುಕೂಲ ಇದೆ. ಆದರೆ ಒಟ್ಟು ಗಂಧಕ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ.

ಯುರೋಪ್ ಇದನ್ನು ಮಾಡಿ ನೋಡಿದೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಬ್ರಿಟನ್ ಮತ್ತು ಇತರ ದೇಶಗಳು ಎತ್ತರದ ಚಿಮಣಿ ಕಟ್ಟಿದವು. ಸ್ಥಳೀಯ ಗಾಳಿ ಸುಧಾರಿಸಿತು. ಆದರೆ ಸ್ವೀಡನ್ ಮತ್ತು ನಾರ್ವೆಯ ಕೆರೆಗಳಲ್ಲಿ ಆಮ್ಲ ಮಳೆಯಿಂದ ಮೀನು ಸಾಯತೊಡಗಿದವು. ಕೊನೆಗೆ 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಲ್ಲಿಂದ ಮುಂದೆ ಅವರು ಹೊಗೆ ಹರಡುವುದನ್ನು ಬಿಟ್ಟು ತೊಳೆಯುವ ದಾರಿ ಹಿಡಿದರು.

ಚೀನಾ ಕೂಡ ಕಲ್ಲಿದ್ದಲನ್ನು ಬಿಡಲಿಲ್ಲ. 2014ರಿಂದ ಅದು ಸ್ಥಾವರಗಳಿಗೆ ಹಾಕಿದ ಗಂಧಕದ ಮಿತಿ 35 ಮಿಲಿಗ್ರಾಂ. ನಾವು ಕೈಬಿಟ್ಟ ಮಿತಿಗಿಂತ ಹಲವು ಪಟ್ಟು ಬಿಗಿ. ನಮ್ಮಂತೆಯೇ ಕಲ್ಲಿದ್ದಲನ್ನು ನೆಚ್ಚಿಕೊಂಡ ದೇಶ ಇದನ್ನು ಮಾಡಿತು ಎಂಬುದು ಗಮನಿಸಬೇಕಾದ ಸಂಗತಿ.

ಕರ್ನಾಟಕಕ್ಕೆ ಏನು ಅನ್ವಯ?

2011ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿದ ನಗರ ರಾಜ್ಯದಲ್ಲಿ ಬೆಂಗಳೂರು ಒಂದೇ. ಅದರ 10 ಕಿಲೋಮೀಟರ್ ಒಳಗೆ ಕಲ್ಲಿದ್ದಲು ಸ್ಥಾವರ ಇಲ್ಲ. ಹಾಗಾಗಿ ರಾಯಚೂರು, ಯರಮರಸ್, ಬಳ್ಳಾರಿ, ಕೂಡಗಿ, ಉಡುಪಿ ಯಾವುದೂ ಕಡ್ಡಾಯದ ‘ಎ’ ವರ್ಗಕ್ಕೆ ಬರುವುದಿಲ್ಲ. ರಾಯಚೂರು ಜಿಲ್ಲೆಯಲ್ಲೇ ಆರ್‌ಟಿಪಿಎಸ್‌ನ 1,720 ಮತ್ತು ಯರಮರಸ್‌ನ 1,600 ಮೆಗಾವಾಟ್ ಅಕ್ಕಪಕ್ಕ ಇವೆ. ನಗರ ಚಿಕ್ಕದು ಎಂಬ ಕಾರಣಕ್ಕೆ ಅಲ್ಲಿನ ಜನರ ಉಸಿರಿನ ಲೆಕ್ಕ ಬೇರೆಯಾಗಬಾರದು.

ಹಾಗಂತ ಆರ್‌ಟಿಪಿಎಸ್‌ನ ಎಲ್ಲ ಘಟಕಗಳಿಗೂ ಎಫ್‌ಜಿಡಿ ಹಾಕಿ ಎನ್ನುವುದೂ ಜಾಣತನವಲ್ಲ. ಅಲ್ಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಷ್ಟು ಹಳೆಯ 210 ಮೆಗಾವಾಟ್ ಘಟಕಕ್ಕೆ 200 ಕೋಟಿಗೂ ಮೇಲೆ ಸುರಿದು, ಅದನ್ನು ವಸೂಲು ಮಾಡಲು ಇನ್ನೂ ಹದಿನೈದು ವರ್ಷ ಓಡಿಸುವುದು ಎರಡು ಕಡೆಯಿಂದಲೂ ನಷ್ಟ. ಅಂಥವನ್ನು ನಿಲ್ಲಿಸುವ ದಿನ ನಿಗದಿ ಮಾಡಬೇಕು. ಎಫ್‌ಜಿಡಿ ಹಾಕಬೇಕಾದದ್ದು ಇನ್ನೂ ಹಲವು ದಶಕ ಓಡಲಿರುವ 700, 800 ಮೆಗಾವಾಟ್ ಘಟಕಗಳಿಗೆ. ಸ್ಥಾವರ ಎಲ್ಲಿದೆ ಎಂಬುದಕ್ಕಿಂತ ಅದು ಎಷ್ಟು ಗಂಧಕ ಬಿಡುತ್ತದೆ, ಎಷ್ಟು ವರ್ಷ ಓಡುತ್ತದೆ ಎಂಬುದರ ಮೇಲೆ ವರ್ಗ ಮಾಡಿದ್ದರೆ ಖರ್ಚೂ ಕಡಿಮೆಯಾಗುತ್ತಿತ್ತು, ಗಾಳಿಗೂ ಪ್ರಯೋಜನ ಇರುತ್ತಿತ್ತು.

ಇನ್ನೊಂದು ಸುಲಭದ ದಾರಿಯನ್ನೂ ಬಿಟ್ಟುಕೊಟ್ಟಿದ್ದೇವೆ. ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಬರಬೇಕು. ಅದರಲ್ಲಿ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಬರೀ ಬೂದಿ. 500 ಕಿಲೋಮೀಟರ್‌ಗಿಂತ ದೂರ ಸಾಗಿಸುವ ಕಲ್ಲಿದ್ದಲಿನಲ್ಲಿ ಬೂದಿ ಶೇ 34 ಮೀರಬಾರದು ಎಂಬ ನಿಯಮ ಇತ್ತು. ಅದಕ್ಕಾಗಿ ಗಣಿಯಲ್ಲೇ ಕಲ್ಲಿದ್ದಲು ತೊಳೆಯಬೇಕಿತ್ತು. 2020ರ ಮೇನಲ್ಲಿ ಅದನ್ನು ತೆಗೆದುಹಾಕಿದರು. ತೊಳೆದರೆ ಗಂಧಕ ಪೂರ್ತಿ ಹೋಗುವುದಿಲ್ಲ ನಿಜ. ಆದರೆ ರೈಲಿನ ಹೊರೆ, ಬಾಯ್ಲರಿನ ಸವೆತ, ಬೂದಿ ಹೊಂಡದ ರಾಶಿ ಎಲ್ಲವೂ ಇಳಿಯುತ್ತವೆ.

ಬಿಸಿಲಿರುವಾಗ ಇಳಿಯುವ ದಕ್ಷತೆ

ಹೊಸ ಬಾಯ್ಲರ್‌ಗಳ ಬಗ್ಗೆ ಹೇಳುವಾಗ ಬಿಟ್ಟುಹೋಗುವ ಒಂದು ಸಂಗತಿ ಇದೆ. ಶೇ 40, ಶೇ 41 ಎಂಬ ದಕ್ಷತೆ ಪೂರ್ತಿ ಸಾಮರ್ಥ್ಯದಲ್ಲಿ ಓಡಿದಾಗಿನದು. ಪಾವಗಡದ ಸೋಲಾರ್ ಪಾರ್ಕ್ ಸುಮಾರು 2,000 ಮೆಗಾವಾಟ್ ಕೊಡುತ್ತಿರುವ ಮಧ್ಯಾಹ್ನ ಕಲ್ಲಿದ್ದಲು ಘಟಕಗಳು ಕೆಳಗಿಳಿಯಬೇಕಾಗುತ್ತದೆ. ಶೇ 55ರವರೆಗೆ ಇಳಿಸುವ ಸಾಮರ್ಥ್ಯ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ಮುಂದೆ ಶೇ 40ರವರೆಗೆ ಇಳಿಯಬೇಕು. ಅಷ್ಟು ಕೆಳಗೆ ಬಂದಾಗ ಹಬೆಯ ಒತ್ತಡವೂ ಇಳಿಯುತ್ತದೆ. ಸೂಪರ್‌ಕ್ರಿಟಿಕಲ್ ಘಟಕ ಸಬ್‌ಕ್ರಿಟಿಕಲ್ ಘಟಕದಂತೆ ಓಡುತ್ತದೆ. ಯೂನಿಟ್‌ಗೆ ಸುಡುವ ಕಲ್ಲಿದ್ದಲು ಮತ್ತೆ ಜಾಸ್ತಿಯಾಗುತ್ತದೆ.

700 ಡಿಗ್ರಿಯ ಹೊಸ ತಂತ್ರಜ್ಞಾನಕ್ಕೆ ಇದು ದೊಡ್ಡ ಸವಾಲು. ದುಬಾರಿ ಲೋಹದ ಬಂಡವಾಳ ವಾಪಸ್ ಬರಬೇಕಾದರೆ ಅದು ಹಗಲು ರಾತ್ರಿ ಪೂರ್ತಿ ಓಡಬೇಕು. ಗ್ರಿಡ್‌ಗೆ ಬೇಕಾಗಿರುವುದು ಬೇಗ ಏರಿ ಬೇಗ ಇಳಿಯುವ ಘಟಕ. ದಪ್ಪ ಗೋಡೆಯ ಕೊಳವೆಗಳು ಪದೇ ಪದೇ ಬಿಸಿಯಾಗಿ ತಣ್ಣಗಾದರೆ ಬಿರುಕು ಬಿಡುವ ಅಪಾಯವೂ ಇದೆ.

ಬಿಲ್ಲಿನಲ್ಲಿ ಏನಾಗುತ್ತದೆ?

ಈಗಾಗಲೇ ಎಫ್‌ಜಿಡಿ ಕಟ್ಟಿದ ಸ್ಥಾವರಗಳ ಖರ್ಚು ಮಾಯವಾಗುವುದಿಲ್ಲ. ಕಾನೂನು ಬದಲಾದ್ದರಿಂದ ಬಂದ ಖರ್ಚು ಎಂದು ಪರಿಗಣಿಸಿ ದರದಲ್ಲಿ ಸೇರಿಸಲು 2018ರಲ್ಲೇ ಕೇಂದ್ರ ಇಂಧನ ಸಚಿವಾಲಯ ದಾರಿ ಮಾಡಿಕೊಟ್ಟಿತ್ತು. ಎಸ್ಕಾಂಗಳ ಮೂಲಕ ಅದು ಗ್ರಾಹಕರಿಗೇ ಬರುತ್ತದೆ.

ಇನ್ನೂ ಕೆಟ್ಟ ಪರಿಣಾಮ ಒಂದಿದೆ. ಯಾವ ಸ್ಥಾವರದ ವಿದ್ಯುತ್ ಮೊದಲು ತೆಗೆದುಕೊಳ್ಳಬೇಕು ಎಂಬುದು ಕಲ್ಲಿದ್ದಲು ಮತ್ತಿತರ ಓಡಿಸುವ ಖರ್ಚಿನ ಮೇಲೆ ನಿರ್ಧಾರವಾಗುತ್ತದೆ. ಅಗ್ಗದ್ದು ಮೊದಲು. ಎಫ್‌ಜಿಡಿ ಓಡಿಸುವ ಸ್ಥಾವರಕ್ಕೆ ಸುಣ್ಣದಕಲ್ಲು, ಹೆಚ್ಚುವರಿ ವಿದ್ಯುತ್ತಿನ ಖರ್ಚು ಸೇರಿ ಅದು ಸಾಲಿನಲ್ಲಿ ಹಿಂದೆ ಬೀಳುತ್ತದೆ. ಹೊಗೆ ತೊಳೆಯದ ಸ್ಥಾವರ ಮುಂದೆ ಬರುತ್ತದೆ. ನಿಯಮ ಪಾಲಿಸಿದವರು ಕಡಿಮೆ ಓಡುತ್ತಾರೆ, ಪಾಲಿಸದವರು ಜಾಸ್ತಿ ಓಡುತ್ತಾರೆ. ವಿದ್ಯುತ್ ದರ ಆಯೋಗಗಳು ಈ ಖರ್ಚನ್ನು ಆ ಸಾಲಿನ ಲೆಕ್ಕದಿಂದ ಹೊರಗಿಟ್ಟರೆ ಇದನ್ನು ತಪ್ಪಿಸಬಹುದು.

ಮುಂದಿನ ಘಟಕಗಳ ವಿಷಯ ಇನ್ನೂ ಮುಖ್ಯ. 2031–32ರೊಳಗೆ ಕನಿಷ್ಠ 80,000 ಮೆಗಾವಾಟ್ ಹೊಸ ಕಲ್ಲಿದ್ದಲು ಸಾಮರ್ಥ್ಯ ಸೇರಿಸುವುದಾಗಿ ಕೇಂದ್ರ ಹೇಳಿದೆ. ಕಟ್ಟುವಾಗಲೇ ಎಫ್‌ಜಿಡಿ ಹಾಕುವುದು ಸುಲಭ. ಆಮೇಲೆ ಹಾಕುವುದಾದರೆ ಜಾಗ ಹುಡುಕಬೇಕು, ಘಟಕ ನಿಲ್ಲಿಸಬೇಕು. ಇಂಗಾಲವನ್ನು ಹಿಡಿದಿಡುವ ತಂತ್ರಜ್ಞಾನದ ಮಾತು ಬಂದಾಗಲೂ ಇದೇ ತೊಡಕು ಎದುರಾಗುತ್ತದೆ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೀರಲು ಬಳಸುವ ಅಮೀನ್ ಎಂಬ ರಾಸಾಯನಿಕದ ದ್ರಾವಣ ಗಂಧಕ ಸೋಕಿದರೆ ಕೆಡುತ್ತದೆ. ಹಾಗಾಗಿ ಮೊದಲು ಗಂಧಕ ತೆಗೆದು, ಆಮೇಲೆ ಇಂಗಾಲ ಹಿಡಿಯಬೇಕು. ಇಂಗಾಲದ ಹೆಸರಿನಲ್ಲಿ ಇವತ್ತು ಎಫ್‌ಜಿಡಿ ಬಿಟ್ಟ ಸ್ಥಾವರಕ್ಕೆ, ನಾಳೆ ಇಂಗಾಲ ಹಿಡಿಯಬೇಕೆಂದರೂ ಮೊದಲು ಎಫ್‌ಜಿಡಿಯನ್ನೇ ಕಟ್ಟಬೇಕಾಗುತ್ತದೆ.